ಓದುಗರ ಪ್ರಶ್ನೆ: ಆರೋಗ್ಯ ವಿಮೆಯ ಪ್ರೀಮಿಯಂ ಯಾಕೆ ಕೈಗೆಟುಕುತ್ತಿಲ್ಲ?

ಈ ಸಲ ಬಂದ ಕಾಗದಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ್ದು. ಪ್ರೀಮಿಯಂ. ಕೆಲವರು ಕೋಪದಲ್ಲಿ ಬರೆದಿದ್ದಾರೆ. ಇನ್ನು ಕೆಲವರು ಕೈಚೆಲ್ಲಿ ಬರೆದಿದ್ದಾರೆ. ಹೊಸ ಓದುಗರಿಗಾಗಿ ಒಂದು ಮಾತು. ನಾನು 29 ವರ್ಷ ವಿಮಾ ಕಂಪನಿಯಲ್ಲಿ ಕೆಲಸ ಮಾಡಿದವಳು. ಮೊದಲು ಕ್ಲೇಮು ವಿಭಾಗದಲ್ಲಿದ್ದೆ. ಆಮೇಲೆ ಪ್ರೀಮಿಯಂ ಲೆಕ್ಕ ಹಾಕುವ ವಿಭಾಗಕ್ಕೆ ಬಂದೆ. ಹಾಗಾಗಿ ನೋಟಿಸಿನಲ್ಲಿ ಅಚ್ಚಾಗುವ ಅಂಕಿ ಎಲ್ಲಿಂದ ಹುಟ್ಟುತ್ತದೆ ಅಂತ ಗೊತ್ತು. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಪ್ರಶ್ನೆ: ಮೇಡಂ, ನನಗೆ 67, ನನ್ನ ಹೆಂಡತಿಗೆ 63. ಹದಿನಾಲ್ಕು ವರ್ಷದಿಂದ ಒಂದೇ ಪಾಲಿಸಿ. ಒಂದು ಸಲವೂ ಕ್ಲೇಮು ಮಾಡಿಲ್ಲ. ಆದರೂ ಐದೇ ವರ್ಷದಲ್ಲಿ ಪ್ರೀಮಿಯಂ ಎರಡೂವರೆ ಪಟ್ಟು ಆಗಿದೆ. ಎರಡು ತಿಂಗಳ ಪಿಂಚಣಿ ಇದಕ್ಕೇ ಹೋಗುತ್ತದೆ. ಐದೂ ನೋಟಿಸಿನ ಪ್ರತಿ ಕಳಿಸಿದ್ದೇನೆ. ಬಿಟ್ಟುಬಿಡಲೇ?
— ನಿವೃತ್ತ ಶಿಕ್ಷಕರು

ಉತ್ತರ: ದಯವಿಟ್ಟು ಬಿಡಬೇಡಿ ಮೇಷ್ಟ್ರೇ. ಈ ವಯಸ್ಸಿನಲ್ಲಿ ಹೊಸ ಪಾಲಿಸಿ ಹುಡುಕಿದರೆ ಆರೋಗ್ಯ ತಪಾಸಣೆ, ಹಳೆಯ ಕಾಯಿಲೆಗೆ ವಿಮೆ ಸಿಗಲು ಕಾಯುವ ಅವಧಿ, ಎಲ್ಲವೂ ಮೊದಲಿನಿಂದ ಶುರುವಾಗುತ್ತದೆ. ಹದಿನಾಲ್ಕು ವರ್ಷ ಕಾದು ಸಂಪಾದಿಸಿದ್ದನ್ನು ಕಳೆದುಕೊಳ್ಳುತ್ತೀರಿ. ಕಟ್ಟಲು ಆಗುವುದೇ ಇಲ್ಲ ಅಂತಾದರೆ ವಿಮೆಯ ಮೊತ್ತ ಇಳಿಸಿಕೊಡಿ ಅಂತ ಕೇಳಿ. ಪಾಲಿಸಿ ಉಳಿಯಲಿ.

ಇನ್ನು ನಿಮ್ಮ ನೋಟಿಸುಗಳು. ಐದನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟು ನೋಡಿದೆ. ಅಂಚಿನಲ್ಲಿ ನೀವು ಪೆನ್ಸಿಲಿನಲ್ಲಿ ಕಳೆಯುವ ಲೆಕ್ಕ ಮಾಡಿದ್ದೀರಿ. ಮೊದಲ ಏರಿಕೆ ನೂರಕ್ಕೆ 15. ಎರಡನೆಯದು 18. ಮೂರನೆಯದು ಒಮ್ಮೆಲೇ 55. ನಾಲ್ಕನೆಯದು 20. ಆ 55ರ ಕೆಳಗೆ ನೀವು ಎರಡು ಗೆರೆ ಎಳೆದಿದ್ದೀರಿ. ಆ ವರ್ಷ ಏನಾಯಿತು ಗೊತ್ತಾ? ನಿಮಗೆ 66 ತುಂಬಿತು. ಕಂಪನಿಯ ವಯಸ್ಸಿನ ದರಪಟ್ಟಿಯಲ್ಲಿ 61ರಿಂದ 65ರ ಗುಂಪಿನಿಂದ 66ರಿಂದ 70ರ ಗುಂಪಿಗೆ ನಿಮ್ಮ ಹೆಸರು ಜಾರಿತು. ನಿಮ್ಮ ಆರೋಗ್ಯದಲ್ಲಿ ಏನೂ ಬದಲಾಗಿಲ್ಲ. ಪಟ್ಟಿಯಲ್ಲಿ ಸಾಲು ಬದಲಾಯಿತು, ಅಷ್ಟೇ.

ಉಳಿದ ಮೂರು ಏರಿಕೆಗೆ ಬೇರೆ ಕಾರಣ. ಒಂದು ಸಣ್ಣ ಲೆಕ್ಕ ಹಾಕೋಣ. ನೂರು ಜನ ಸೇರಿ ವಿಮೆ ಮಾಡಿದ್ದಾರೆ ಅಂದುಕೊಳ್ಳಿ. ವರ್ಷಕ್ಕೆ ಐದು ಜನ ಆಸ್ಪತ್ರೆ ಸೇರುತ್ತಾರೆ. ತಲಾ ಬಿಲ್ಲು ಒಂದು ಲಕ್ಷ. ಒಟ್ಟು ಐದು ಲಕ್ಷ. ನೂರು ಜನ ಹಂಚಿಕೊಂಡರೆ ತಲೆಗೆ 5,000. ಮುಂದಿನ ವರ್ಷ, ನಮಗೇನೂ ಆಗಲ್ಲ ಅಂತ ಗಟ್ಟಿಮುಟ್ಟಾದ 20 ಜನ ಬಿಟ್ಟುಹೋಗುತ್ತಾರೆ. ಕಾಯಿಲೆಯವರು ಯಾರೂ ಬಿಡುವುದಿಲ್ಲ. ಅದೇ ಐದು ಲಕ್ಷವನ್ನು 80 ಜನ ಹಂಚಿಕೊಂಡರೆ 6,250. ಜಾಸ್ತಿ ಆಯಿತಲ್ಲ ಅಂತ ಮತ್ತೆ 20 ಜನ ಹೋಗುತ್ತಾರೆ. ಈಗ 8,333. ಇದರ ಮೇಲೆ ಆಸ್ಪತ್ರೆಯ ಬಿಲ್ಲು ನೂರಕ್ಕೆ ಹತ್ತರಷ್ಟು ಏರಿದರೆ 9,166. ಕಾಯಿಲೆ ಬಿದ್ದವರು ಮೊದಲೂ ಐದೇ ಜನ, ಈಗಲೂ ಐದೇ ಜನ.

ನೀವು ಕ್ಲೇಮು ಮಾಡದಿದ್ದರೂ ಪ್ರೀಮಿಯಂ ಏರುವುದು ಹೀಗೆ. ಆಸ್ಪತ್ರೆಯ ದರ, ಬಿಟ್ಟುಹೋಗುವವರು, ವಯಸ್ಸಿನ ಪಟ್ಟಿ. ಈ ಮೂರನ್ನೂ ಒಟ್ಟಿಗೆ ಹಿಡಿಯದೆ ಪ್ರೀಮಿಯಂ ಇಳಿಯುವುದಿಲ್ಲ ಅಂತ ನನ್ನ ಖಚಿತ ಅಭಿಪ್ರಾಯ. ಒಂದನ್ನೇ ಹಿಡಿದರೆ ಇನ್ನೆರಡು ಕಡೆಯಿಂದ ಜಾರಿಹೋಗುತ್ತದೆ.

ವಯಸ್ಸಿನ ಪಟ್ಟಿಗೆ ಕಡಿವಾಣ ಹಾಕಿದ ದೇಶಗಳಿವೆ. ಅಮೆರಿಕದಲ್ಲಿ 2010ರ ಆರೋಗ್ಯ ಕಾನೂನು 2014ರಿಂದ ಒಂದು ಮಿತಿ ತಂದಿತು. ಅಲ್ಲಿ ಜನ ಸ್ವಂತವಾಗಿ ಕೊಳ್ಳುವ ಪಾಲಿಸಿಗೆ, 21 ವರ್ಷದವರು ಕಟ್ಟುವುದರ ಮೂರು ಪಟ್ಟಿಗಿಂತ ಜಾಸ್ತಿ ಹಣವನ್ನು 64 ವರ್ಷದವರಿಂದ ಕೇಳುವಂತಿಲ್ಲ. ಸ್ವಿಟ್ಜರ್ಲೆಂಡ್ ಇನ್ನೂ ಮುಂದೆ ಹೋಗಿದೆ. 1996ರಿಂದ ಅಲ್ಲಿ ಎಲ್ಲರಿಗೂ ವಿಮೆ ಕಡ್ಡಾಯ. ಒಂದು ಪ್ರದೇಶದಲ್ಲಿ, ಒಂದು ಕಂಪನಿಯ ಒಂದೇ ಬಗೆಯ ಮೂಲ ವಿಮೆಗೆ 26 ದಾಟಿದ ಎಲ್ಲರದ್ದೂ ಒಂದೇ ಪ್ರೀಮಿಯಂ. ಮೂವತ್ತರವರಿಗೂ ಅಷ್ಟೇ, ತೊಂಬತ್ತರವರಿಗೂ ಅಷ್ಟೇ.

ಹಾಗಾದರೆ ಉಳಿದ ಹೊರೆ ಯಾರ ಮೇಲೆ ಅಂತ ಕೇಳಿದಿರಾ? ಮುಂದಿನ ಕಾಗದ ಅದನ್ನೇ ಕೇಳುತ್ತಿದೆ.

ಪ್ರಶ್ನೆ: ನನಗೆ 27 ವರ್ಷ. ಆಸ್ಪತ್ರೆಯ ಮೆಟ್ಟಿಲು ಹತ್ತಿದವನಲ್ಲ. ಎಲ್ಲರಿಗೂ ವಿಮೆ ಕಡ್ಡಾಯ ಮಾಡಬೇಕು ಅಂತ ನೀವು ಹಿಂದೊಮ್ಮೆ ಬರೆದಿದ್ದಿರಿ. ಬೇರೆಯವರ ಕಾಯಿಲೆಗೆ ನಾನು ದುಡ್ಡು ಕಟ್ಟುವುದು ಅನ್ಯಾಯ ಅಲ್ವಾ?
— ಯುವ ಓದುಗ

ಉತ್ತರ: ನೇರವಾಗಿ ಕೇಳಿದ್ದೀರಿ, ಸಂತೋಷ. ಬಡ ಯುವಕನ ಮೇಲೆ ಈ ಹೊರೆ ಹಾಕಿದರೆ ಅದು ಅನ್ಯಾಯವೇ. ಅದಕ್ಕೇ ಕಡ್ಡಾಯ ಮಾಡಿದ ಸರ್ಕಾರ ಕಡಿಮೆ ಆದಾಯದವರಿಗೆ ಸಬ್ಸಿಡಿಯನ್ನೂ ಕೊಡಲೇಬೇಕು. ಸಬ್ಸಿಡಿ ಇಲ್ಲದ ಕಡ್ಡಾಯವನ್ನು ನಾನು ಒಪ್ಪುವುದಿಲ್ಲ.

ಆದರೆ ಯುವಕರು ಹೊರಗೆ ಉಳಿದರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ನಿಜ ಕತೆ ಹೇಳುತ್ತೇನೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯ ತನ್ನ ನೌಕರರಿಗೆ ಹಲವು ಬಗೆಯ ಆರೋಗ್ಯ ವಿಮೆ ಕೊಡುತ್ತಿತ್ತು. ಅದರಲ್ಲಿ ಒಂದು ತುಂಬಾ ಧಾರಾಳದ್ದು. ಯಾವ ಡಾಕ್ಟರ ಹತ್ತಿರ ಬೇಕಾದರೂ ಹೋಗಬಹುದಿತ್ತು. 1995ರಲ್ಲಿ ವಿಶ್ವವಿದ್ಯಾಲಯ ನಿಯಮ ಬದಲಿಸಿತು. ಯಾವ ವಿಮೆ ಆರಿಸಿಕೊಂಡರೂ ನಮ್ಮ ಪಾಲು ಇಷ್ಟೇ, ಮೇಲಿನದ್ದು ನೀವೇ ಕಟ್ಟಿ ಅಂದಿತು. ಧಾರಾಳದ ವಿಮೆ ನೌಕರರಿಗೆ ದುಬಾರಿಯಾಯಿತು. ವಯಸ್ಸು ಕಡಿಮೆ ಇದ್ದವರು, ಆರೋಗ್ಯವಾಗಿದ್ದವರು ಅಗ್ಗದ ವಿಮೆಗೆ ಹೋದರು. ಉಳಿದವರು ಹಿರಿಯರು, ಕಾಯಿಲೆಯವರು. ನಷ್ಟ ಆಯಿತು, ಪ್ರೀಮಿಯಂ ಏರಿತು. ಏರಿದ್ದಕ್ಕೆ ಇನ್ನಷ್ಟು ಜನ ಹೋದರು. ಮೂರೇ ವರ್ಷದಲ್ಲಿ ಆ ವಿಮೆಯನ್ನು ಮುಚ್ಚಬೇಕಾಯಿತು. ಲೆಕ್ಕ ಗೊತ್ತಿಲ್ಲದವರ ಜಾಗ ಅಲ್ಲ ಅದು. ಆದರೂ ಹೀಗಾಯಿತು.

ಇದೇ ದೊಡ್ಡ ಮಟ್ಟದಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ನಡೆಯಿತು. 1993ರಲ್ಲಿ ಅಲ್ಲಿ ಒಂದು ಕಾನೂನು ಬಂತು. ಕಾಯಿಲೆ ಇದ್ದವರನ್ನೂ ವಿಮಾ ಕಂಪನಿ ಸೇರಿಸಿಕೊಳ್ಳಬೇಕು, ಜನರೆಲ್ಲ ಹಂತಹಂತವಾಗಿ ವಿಮೆ ಮಾಡಿಸಬೇಕು ಅಂತ. 1995ರಲ್ಲಿ ಎರಡನೆಯ ಅರ್ಧವನ್ನು ಕಿತ್ತುಹಾಕಿದರು. ಸೇರಿಸಿಕೊಳ್ಳಬೇಕು ಅನ್ನುವ ಅರ್ಧ ಮಾತ್ರ ಉಳಿಯಿತು. ಕಾಯಿಲೆ ಬಂದ ಮೇಲೆ ಸೇರಿದರಾಯಿತು ಅಂತ ಜನ ಕಾದರು. 1999ರ ಹೊತ್ತಿಗೆ ರಾಜ್ಯದ ಬಹುಪಾಲು ಕಡೆ ಹೊಸದಾಗಿ ಸ್ವಂತ ಪಾಲಿಸಿ ಕೊಳ್ಳುವುದೇ ಸಾಧ್ಯವಿಲ್ಲದಂತಾಯಿತು.

ಕಡ್ಡಾಯ ಅನ್ನುವ ಪದ ಇಷ್ಟವಾಗದಿದ್ದರೆ ಬೇರೆ ದಾರಿಯೂ ಇದೆ. ಆಸ್ಟ್ರೇಲಿಯಾದಲ್ಲಿ ಎಲ್ಲರಿಗೂ ಸರ್ಕಾರದ ಆರೋಗ್ಯ ವ್ಯವಸ್ಥೆ ಇದೆ. ಅದರ ಜೊತೆಗೆ ಖಾಸಗಿ ವಿಮೆ ಬೇಕಾದವರು ಮಾಡಿಸಬಹುದು. 2000ದಿಂದ ಅಲ್ಲಿ ಒಂದು ನಿಯಮ ಬಂತು. ಆಸ್ಪತ್ರೆ ಖರ್ಚಿನ ವಿಮೆಗೆ 30 ದಾಟಿದ ಮೇಲೆ ಸೇರಿದರೆ, ತಡಮಾಡಿದ ಒಂದೊಂದು ವರ್ಷಕ್ಕೂ ನೂರಕ್ಕೆ 2ರಂತೆ ಪ್ರೀಮಿಯಂ ಜಾಸ್ತಿ. ಬಲವಂತ ಇಲ್ಲ, ಆದರೆ ತಡಮಾಡಿದರೆ ಬೆಲೆ ತೆರಬೇಕು.

ನೀವು ಈಗ ಕಟ್ಟುವುದು ಬೇರೆಯವರ ಕಾಯಿಲೆಗೆ, ನಿಜ. ನಿಮ್ಮ 67ನೇ ವಯಸ್ಸಿನಲ್ಲಿ ಇನ್ನೊಬ್ಬ 27ರ ಹುಡುಗ ನಿಮ್ಮ ಕಾಯಿಲೆಗೆ ಕಟ್ಟುತ್ತಾನೆ. ಮೇಲಿನ ಮೇಷ್ಟ್ರ ಕಾಗದವನ್ನು ಇನ್ನೊಮ್ಮೆ ಓದಿ.

ಪ್ರಶ್ನೆ: ನನ್ನ ಮಗಳಿಗೆ ಒಂಬತ್ತು ವರ್ಷ. ಆರನೇ ವಯಸ್ಸಿನಲ್ಲಿ ಟೈಪ್ ಒಂದು ಸಕ್ಕರೆ ಕಾಯಿಲೆ ಅಂತ ಗೊತ್ತಾಯಿತು. ದಿನಕ್ಕೆ ನಾಲ್ಕು ಸಲ ಇನ್ಸುಲಿನ್. ಮೂರು ಕಂಪನಿಗೆ ಅರ್ಜಿ ಹಾಕಿದೆ. ಮೂರೂ ಕಡೆ ಆಗಲ್ಲ ಅಂದರು. ಅವಳದ್ದೇನು ತಪ್ಪು ಮೇಡಂ?
— ಒಬ್ಬ ತಂದೆ

ಉತ್ತರ: ಅವಳದ್ದು ಏನೂ ತಪ್ಪಿಲ್ಲ. ನಿಮ್ಮದೂ ಇಲ್ಲ.

ಒಂದು ವಿಷಯ ನಾನು ಇಲ್ಲಿ ಹೇಳಲೇಬೇಕು. ಇಂಥ ಕಾಗದಗಳನ್ನು ನಾನೇ ಬರೆದಿದ್ದೇನೆ. ನಮ್ಮ ವಿಭಾಗದಲ್ಲಿ ಅದಕ್ಕೊಂದು ಅಚ್ಚು ಮಾಡಿಟ್ಟ ನಮೂನೆ ಇತ್ತು. 'ನಿಮ್ಮ ಅರ್ಜಿಯನ್ನು ಪರಿಶೀಲಿಸಲಾಗಿ' ಅಂತ ಶುರು. ಹೆಸರು, ತಾರೀಕು ತುಂಬಿ ಸಹಿ ಹಾಕಿದರೆ ಮುಗಿಯಿತು. ಒಂದು ದಿನ ಒಬ್ಬ ತಾಯಿ ಆ ಕಾಗದ ಹಿಡಿದುಕೊಂಡು ಕಚೇರಿಗೇ ಬಂದರು. ನಾಲ್ಕು ಮಡಿಕೆ ಮಾಡಿ ಬಟ್ಟೆಯ ಚೀಲದಲ್ಲಿ ಇಟ್ಟುಕೊಂಡಿದ್ದರು. ಮಗನಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ. 'ಇಲ್ಲಿ ಸಹಿ ಹಾಕಿದವರು ಯಾರು, ಅವರಿಗೆ ನನ್ನ ಮಗನನ್ನು ತೋರಿಸಬೇಕು' ಅಂದರು. ಹುಡುಗ ಪಕ್ಕದಲ್ಲೇ ನಿಂತು ನನ್ನ ಮೇಜಿನ ಮೇಲಿದ್ದ ಮೊಹರನ್ನೇ ನೋಡುತ್ತಿದ್ದ. ನಾನು ನಿಯಮ ಹೇಳಿದೆ. ಅವರು ಮರುಮಾತಾಡದೆ ಕಾಗದ ಮಡಚಿಕೊಂಡು ಹೋದರು. ಈ ಅಂಕಣ ಬರೆಯಲು ಒಪ್ಪಿದ್ದರ ಹಿಂದೆ ಆ ದಿನ ಇದೆ.

ಕಂಪನಿಗಳು ಯಾಕೆ ನಿರಾಕರಿಸುತ್ತವೆ? ಮಗುವಿನ ಖರ್ಚು ಎಷ್ಟು ಅಂತ ಅವುಗಳಿಗೆ ಮೊದಲೇ ಗೊತ್ತು. ಅದು ಪ್ರೀಮಿಯಂಗಿಂತ ಜಾಸ್ತಿ ಅಂತಲೂ ಗೊತ್ತು. ಎಲ್ಲರನ್ನೂ ಸೇರಿಸಿಕೊಳ್ಳುವ ಕಂಪನಿಗೆ ಕಾಯಿಲೆಯವರೇ ಬಂದು ತುಂಬುತ್ತಾರೆ. ಆರಿಸಿ ಸೇರಿಸಿಕೊಳ್ಳುವ ಕಂಪನಿ ಲಾಭದಲ್ಲಿರುತ್ತದೆ. ಒಳ್ಳೆಯದು ಮಾಡಿದವರಿಗೇ ಶಿಕ್ಷೆ. ಬರೀ 'ಎಲ್ಲರನ್ನೂ ಸೇರಿಸಿಕೊಳ್ಳಿ' ಅಂತ ಆದೇಶ ಹೊರಡಿಸಿದರೆ ಕಂಪನಿ ಬೇರೆ ಕಳ್ಳದಾರಿ ಹುಡುಕುತ್ತದೆ. ಸಕ್ಕರೆ ಕಾಯಿಲೆಯ ಡಾಕ್ಟರನ್ನೇ ತನ್ನ ಪಟ್ಟಿಯಿಂದ ಕೈಬಿಡಬಹುದು.

ನೆದರ್ಲೆಂಡ್ಸ್ ಇದಕ್ಕೆ ಒಳ್ಳೆಯ ಉಪಾಯ ಮಾಡಿದೆ. 2006ರ ಕಾನೂನಿನಂತೆ ಅಲ್ಲಿ ಮೂಲ ವಿಮೆಗೆ ಯಾರನ್ನೂ ನಿರಾಕರಿಸುವಂತಿಲ್ಲ. ಜೊತೆಗೆ ಒಂದು ಸಾಮಾನ್ಯ ನಿಧಿ ಇದೆ. ಉದ್ಯೋಗದಾತರ ಮೂಲಕ ಜನರ ಆದಾಯಕ್ಕೆ ತಕ್ಕಂತೆ ಬರುವ ಹಣ ಅಲ್ಲಿ ಸೇರುತ್ತದೆ. ಯಾವ ಕಂಪನಿಯಲ್ಲಿ ಹಿರಿಯರು, ದೀರ್ಘ ಕಾಯಿಲೆಯವರು ಜಾಸ್ತಿ ಇದ್ದಾರೋ ಆ ಕಂಪನಿಗೆ ನಿಧಿಯಿಂದ ಜಾಸ್ತಿ ಹಣ. ಗಟ್ಟಿಮುಟ್ಟಾದವರನ್ನೇ ಆರಿಸಿಕೊಂಡರೆ ಕಡಿಮೆ. ಆಗ ನಿಮ್ಮ ಮಗಳನ್ನು ಸೇರಿಸಿಕೊಂಡ ಕಂಪನಿಗೆ ನಷ್ಟವೇನೂ ಇಲ್ಲ. ಅವಳನ್ನು ಚೆನ್ನಾಗಿ ನೋಡಿಕೊಂಡು, ಆಸ್ಪತ್ರೆ ಸೇರದ ಹಾಗೆ ಕಾಪಾಡಿದರೆ ಲಾಭ ಕೂಡ. ಇನ್ನೊಂದು ಮಾತು. ಅಲ್ಲಿ 18ರ ಒಳಗಿನ ಮಕ್ಕಳಿಗೆ ಪ್ರೀಮಿಯಂ ಇಲ್ಲ. ಸರ್ಕಾರವೇ ಭರಿಸುತ್ತದೆ. ಮಕ್ಕಳ ವಿಷಯದಲ್ಲಿ ಎಲ್ಲ ದೇಶವೂ ಇಷ್ಟಾದರೂ ಮಾಡಬೇಕು ಅಂತ ನನ್ನ ಆಸೆ.

ಸದ್ಯಕ್ಕೆ ನೀವು ಮಾಡಬೇಕಾದ್ದು: ನಿರಾಕರಣೆಯನ್ನು ಬರಹದಲ್ಲಿ, ಕಾರಣದ ಸಮೇತ ಕೊಡಿ ಅಂತ ಕೇಳಿ. ಬಾಯಿಮಾತನ್ನು ಒಪ್ಪಬೇಡಿ. ನೀವೋ ನಿಮ್ಮ ಹೆಂಡತಿಯೋ ಕೆಲಸ ಮಾಡುವ ಕಡೆ ಗುಂಪು ವಿಮೆ ಇದ್ದರೆ ಅದರಲ್ಲಿ ಮಗಳನ್ನು ಸೇರಿಸಲು ಕೇಳಿ. ಗುಂಪು ವಿಮೆಯಲ್ಲಿ ಸಾಮಾನ್ಯವಾಗಿ ಒಬ್ಬೊಬ್ಬರ ಆರೋಗ್ಯ ಬಿಡಿಸಿ ನೋಡುವುದಿಲ್ಲ.

ಪ್ರಶ್ನೆ: ವಿಮೆಯ ಮೇಲಿನ ತೆರಿಗೆ ತೆಗೆದರೆ ಸಾಕಲ್ಲವೇ?
— ಅಂಗಡಿ ಮಾಲೀಕರು

ಉತ್ತರ: ಒಳ್ಳೆಯ ಹೆಜ್ಜೆ, ಆದರೆ ಸಾಲದು. ಭಾರತದಲ್ಲಿ 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿಗಳ ಮೇಲಿನ 18 ಪರ್ಸೆಂಟ್ ಜಿಎಸ್‌ಟಿ ತೆಗೆದರು. 118 ಕಟ್ಟುತ್ತಿದ್ದವರಿಗೆ 100 ಆಯಿತು. ಆದರೆ ಪ್ರೀಮಿಯಂ ವರ್ಷಕ್ಕೆ ನೂರಕ್ಕೆ 10ರಂತೆ ಏರಿದರೆ ಮೊದಲ ವರ್ಷ 110, ಎರಡನೇ ವರ್ಷ 121. ಎರಡೇ ವರ್ಷದಲ್ಲಿ ಮತ್ತೆ ಮೊದಲಿನ ಜಾಗಕ್ಕೆ ಬಂದಿರಿ. ಇನ್ನೊಂದು ತೊಡಕೂ ಇದೆ. ಕಂಪನಿಗಳು ತಾವು ಕಟ್ಟುವ ಬಾಡಿಗೆ, ಕಮಿಷನ್ ಮುಂತಾದವುಗಳ ಮೇಲಿನ ತೆರಿಗೆಯನ್ನು ಮೊದಲು ಪಾಲಿಸಿಯ ಮೇಲೆ ವಸೂಲು ಮಾಡಿದ ತೆರಿಗೆಯಲ್ಲಿ ಹೊಂದಿಸಿಕೊಳ್ಳುತ್ತಿದ್ದವು. ಪಾಲಿಸಿಯ ತೆರಿಗೆ ಹೋದ ಮೇಲೆ ಆ ಅವಕಾಶವೂ ಹೋಯಿತು. ಆ ಖರ್ಚು ಎಲ್ಲೋ ಒಂದು ಕಡೆ ಸೇರುತ್ತದೆ.

ಪ್ರಶ್ನೆ: ಪ್ರೀಮಿಯಂ ಇಷ್ಟಕ್ಕಿಂತ ಜಾಸ್ತಿ ಇರಬಾರದು ಅಂತ ಸರ್ಕಾರ ಒಂದು ಕಾನೂನು ಮಾಡಿದರೆ ಎಲ್ಲ ಮುಗಿಯುತ್ತದೆ. ಯಾಕೆ ಮಾಡುತ್ತಿಲ್ಲ?
— ಬ್ಯಾಂಕ್ ಉದ್ಯೋಗಿ

ಉತ್ತರ: ಈ ಪ್ರಶ್ನೆಯನ್ನು ಸ್ವಿಟ್ಜರ್ಲೆಂಡಿನ ಜನರ ಮುಂದೆಯೇ ಇಟ್ಟಿದ್ದರು. ಯಾವ ಮನೆಯವರೂ ಆದಾಯದ ನೂರಕ್ಕೆ ಹತ್ತಕ್ಕಿಂತ ಜಾಸ್ತಿ ಪ್ರೀಮಿಯಂ ಕಟ್ಟಬಾರದು, ಮಿಕ್ಕಿದ್ದನ್ನು ಸರ್ಕಾರ ಕಟ್ಟಬೇಕು ಅಂತ ಪ್ರಸ್ತಾಪ. 2024ರ ಜೂನ್‌ನಲ್ಲಿ ಮತ ಹಾಕಿ ಜನ ಅದನ್ನು ತಳ್ಳಿಹಾಕಿದರು. ಸರ್ಕಾರ ಕಟ್ಟುವುದೂ ತಮ್ಮ ತೆರಿಗೆಯಿಂದಲೇ, ಚಿಕಿತ್ಸೆಯ ಖರ್ಚು ಇದರಿಂದ ಇಳಿಯುವುದಿಲ್ಲ ಅನ್ನುವುದು ವಿರೋಧಿಸಿದವರ ವಾದ. ಆದಾಯಕ್ಕೆ ತಕ್ಕ ಮಿತಿ ಬೇಕು ಅಂತಲೇ ನನ್ನ ಮನಸ್ಸು. ಆದರೆ ಅವರ ವಾದದಲ್ಲಿ ಹುರುಳಿಲ್ಲ ಅಂತ ಹೇಳಲಾರೆ.

ಕಂಪನಿ ಎಷ್ಟು ಉಳಿಸಿಕೊಳ್ಳಬಹುದು ಅನ್ನುವುದಕ್ಕೂ ಮಿತಿ ಹಾಕಬಹುದು. ಅಮೆರಿಕದ ಅದೇ 2010ರ ಕಾನೂನಿನಲ್ಲಿ, ವೈಯಕ್ತಿಕ ವಿಮೆಯ ನೂರು ಡಾಲರ್ ಪ್ರೀಮಿಯಂನಲ್ಲಿ ಕನಿಷ್ಠ 80 ಚಿಕಿತ್ಸೆಗೆ, ಅದರ ಗುಣಮಟ್ಟಕ್ಕೆ ಹೋಗಬೇಕು. ಹೋಗದಿದ್ದರೆ ಉಳಿದದ್ದನ್ನು ಜನರಿಗೆ ವಾಪಸು ಕೊಡಬೇಕು. ಇದು ಬೇಕೇ ಬೇಕು. ಆದರೂ ಚಿಕಿತ್ಸೆಗೆ ಹೋಗುವ ಆ 80ರ ಕತೆ ಏನು?

ಕ್ಲೇಮು ವಿಭಾಗದಲ್ಲಿದ್ದಾಗ ನೋಡಿದ ಎರಡು ಬಿಲ್ಲು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಎರಡೂ ಅಪೆಂಡಿಕ್ಸ್ ಆಪರೇಷನ್. ಒಂದೇ ವಾರ. ಇಬ್ಬರೂ ಮೂರು ದಿನಕ್ಕೆ ಡಿಸ್ಚಾರ್ಜ್. ಒಂದು ಬಿಲ್ಲು ಇನ್ನೊಂದರ ಮೂರು ಪಟ್ಟು. ಸಾಲು ಸಾಲಾಗಿ ಸ್ಕೇಲ್ ಇಟ್ಟು ಹೋಲಿಸಿದೆ. ಡಾಕ್ಟರ ಫೀಸಿನಲ್ಲಿ ಅಷ್ಟೇನೂ ಅಂತರ ಇಲ್ಲ. ರೂಮಿನ ದರ ಜಾಸ್ತಿ ಇದ್ದಾಗ ಅದರ ಜೊತೆ ರಕ್ತಪರೀಕ್ಷೆಯ ದರವೂ ಏರಿತ್ತು. ಪರೀಕ್ಷೆ ಅದೇ, ಯಂತ್ರ ಅದೇ. ಕೈಗವಸು 46 ಜೊತೆ ಅಂತ ಬರೆದಿದ್ದರು. ಸಿರಿಂಜಿಗೆ ಬೇರೆ, ಸೂಜಿಗೆ ಬೇರೆ ಲೆಕ್ಕ. ನಾವು ತಕರಾರು ಮಾಡಿ ಸ್ವಲ್ಪ ಕಡಿತ ಮಾಡಿದೆವು. ಕಡಿತ ಮಾಡಿದ್ದನ್ನು ಆಸ್ಪತ್ರೆ ರೋಗಿಯಿಂದ ವಸೂಲು ಮಾಡಿತು. ಅದು ಆಮೇಲೆ ಗೊತ್ತಾಯಿತು.

ಜಪಾನ್ ಇದನ್ನು ಬೇರು ಮಟ್ಟದಲ್ಲಿ ಹಿಡಿದಿದೆ. 1961ರಿಂದ ಅಲ್ಲಿ ಎಲ್ಲರಿಗೂ ವಿಮೆ ಇದೆ. ವಿಮೆಯಡಿ ಬರುವ ಪ್ರತಿ ಚಿಕಿತ್ಸೆಗೂ ದೇಶಕ್ಕೆಲ್ಲ ಒಂದೇ ದರಪಟ್ಟಿ. ಎರಡು ವರ್ಷಕ್ಕೊಮ್ಮೆ ಅದನ್ನು ಪರಿಷ್ಕರಿಸುತ್ತಾರೆ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲೂ 1970ರ ದಶಕದಿಂದ ಆಸ್ಪತ್ರೆಗಳ ದರವನ್ನು ಒಂದು ಆಯೋಗ ಗೊತ್ತುಮಾಡುತ್ತದೆ. ಯಾರ ವಿಮೆಯಾದರೂ ಸರಿ, ಒಂದು ಆಸ್ಪತ್ರೆಯಲ್ಲಿ ಒಂದು ಕೆಲಸಕ್ಕೆ ಒಂದೇ ದರ. ನನ್ನನ್ನು ಕೇಳಿದರೆ ಮೊದಲು ಆಗಬೇಕಾದ ಸುಧಾರಣೆ ಇದು. ಆಸ್ಪತ್ರೆಯ ದರಕ್ಕೆ ಲಗಾಮು ಹಾಕದೆ ಪ್ರೀಮಿಯಂಗೆ ಮಾತ್ರ ಮಿತಿ ಹಾಕಿದರೆ ಕಂಪನಿ ಕ್ಲೇಮು ಕಡಿಯುತ್ತದೆ, ಇಲ್ಲವೇ ಅಂಗಡಿ ಮುಚ್ಚುತ್ತದೆ. ಪ್ರೀಮಿಯಂ ಕಡಿಮೆ ಇರುತ್ತದೆ, ಪಾಲಿಸಿ ಮಾತ್ರ ಕೆಲಸಕ್ಕೆ ಬರುವುದಿಲ್ಲ.

ಪ್ರಶ್ನೆ: ಅಕ್ಕಾ, ನಾನು ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಸಂಬಳ ಅಂತ ಇಲ್ಲ. ಬಡವರ ಯೋಜನೆಗೆ ನನ್ನ ಆದಾಯ ಸ್ವಲ್ಪ ಜಾಸ್ತಿ ಆಯಿತಂತೆ. ಕಂಪನಿಯ ಪಾಲಿಸಿಗೆ ಕಡಿಮೆ ಆಯಿತು. ನನ್ನಂಥವರು ಎಲ್ಲಿಗೆ ಹೋಗಬೇಕು?
— ದರ್ಜಿ

ಉತ್ತರ: ನಿಮ್ಮ ಕಾಗದ ಓದಿ ತುಂಬಾ ಹೊತ್ತು ಯೋಚನೆ ಮಾಡಿದೆ. ಈ ನಡುವಿನ ಜನ ಎಲ್ಲ ದೇಶದಲ್ಲೂ ಇದ್ದಾರೆ. ನೌಕರಿ ಇದ್ದವರಿಗೆ ಕಂಪನಿಯ ವಿಮೆ. ತೀರಾ ಬಡವರಿಗೆ ಸರ್ಕಾರದ ಯೋಜನೆ. ನಡುವೆ ಹೊಲಿಗೆಯವರು, ಆಟೊದವರು, ಸಣ್ಣ ರೈತರು.

ಇಂಥವರಿಗೆ ಇಷ್ಟವಿದ್ದರೆ ಕೊಳ್ಳಿ ಅಂತ ಅಗ್ಗದ ಕಾರ್ಡು ಕೊಡುವುದನ್ನು ಥಾಯ್ಲೆಂಡ್ ಪ್ರಯತ್ನ ಮಾಡಿ ನೋಡಿತ್ತು. ಕಾಯಿಲೆ ಇದ್ದವರೇ ಜಾಸ್ತಿ ಕೊಂಡರು. ಮೇಷ್ಟ್ರಿಗೆ ಹೇಳಿದ ನೂರು ಜನರ ಲೆಕ್ಕ ಅಲ್ಲೂ ನಡೆಯಿತು. 2002ರಲ್ಲಿ ಆ ದೇಶ ದಾರಿ ಬದಲಿಸಿತು. ಬೇರೆ ಯಾವ ಯೋಜನೆಯಲ್ಲೂ ಇಲ್ಲದ ಎಲ್ಲರನ್ನೂ ಒಂದೇ ಯೋಜನೆಗೆ ಸೇರಿಸಿತು. ಪ್ರೀಮಿಯಂ ಇಲ್ಲ, ತೆರಿಗೆಯ ಹಣ. ಶುರುವಿನಲ್ಲಿ ಒಂದು ಸಲ ಆಸ್ಪತ್ರೆಗೆ ಹೋದರೆ ಅಲ್ಲಿನ ನಾಣ್ಯದಲ್ಲಿ 30 ಬಾತ್ ಕೊಡಬೇಕಿತ್ತು, ಅಷ್ಟೇ. ಥಾಯ್ಲೆಂಡ್ ಆಗ ಶ್ರೀಮಂತ ದೇಶವೇನೂ ಆಗಿರಲಿಲ್ಲ. ದುಡ್ಡಿಲ್ಲ ಅನ್ನುವ ನೆಪ ಕೇಳಿದಾಗೆಲ್ಲ ನನಗೆ ಇದು ನೆನಪಾಗುತ್ತದೆ.

ವಿಮೆಯ ದಾರಿಯಲ್ಲೇ ಹೋಗುವುದಾದರೆ ಆದಾಯ ಏರಿದ ಹಾಗೆ ಸಬ್ಸಿಡಿ ನಿಧಾನವಾಗಿ ಇಳಿಯಬೇಕು. ಗೆರೆ ಎಳೆದು, ಗೆರೆ ದಾಟಿದವರಿಗೆ ಸೊನ್ನೆ ಅನ್ನಬಾರದು. ಅಮೆರಿಕದಲ್ಲಿ ಮೊದಲು ಹಾಗೇ ಇತ್ತು. ಬಡತನದ ಮಟ್ಟದ ನಾಲ್ಕು ಪಟ್ಟು ಆದಾಯ ದಾಟಿದರೆ ಸಬ್ಸಿಡಿ ಪೂರ್ತಿ ನಿಲ್ಲುತ್ತಿತ್ತು. 2021ರಲ್ಲಿ ಆ ಗೆರೆ ಅಳಿಸಿದರು, ಸಬ್ಸಿಡಿಯನ್ನೂ ಹೆಚ್ಚಿಸಿದರು. ಜನ ದೊಡ್ಡ ಸಂಖ್ಯೆಯಲ್ಲಿ ಸೇರಿದರು. ಆದರೆ ಅದು ತಾತ್ಕಾಲಿಕ. 2025ರ ಕೊನೆಗೆ ಅದರ ಅವಧಿ ಮುಗಿಯಿತು. ಅದನ್ನು ಮುಂದುವರಿಸುವ ಜಗಳದಲ್ಲೇ ಅಲ್ಲಿನ ಸರ್ಕಾರದ ಎಷ್ಟೋ ಕಚೇರಿಗಳು ಅದೇ ವರ್ಷದ ಅಕ್ಟೋಬರ್ 1ರಿಂದ 43 ದಿನ ಮುಚ್ಚಿದ್ದವು. ವರ್ಷ ವರ್ಷ ಭಿಕ್ಷೆ ಕೇಳುವ ಹಾಗೆ ಸಬ್ಸಿಡಿ ಇರಬಾರದು. ಕಾನೂನಿನಲ್ಲೇ ಕಾಯಂ ಆಗಿರಬೇಕು.

ತಂಗೀ, ನಿಮ್ಮಂತೆ ಹೊಲಿಯುವವರು ಹತ್ತಿಪ್ಪತ್ತು ಜನ ಸಂಘವೋ ಸಹಕಾರಿಯೋ ಆಗಿ ಸೇರಿದ್ದರೆ ಆ ಸಂಘದ ಹೆಸರಲ್ಲಿ ಗುಂಪು ವಿಮೆ ಸಿಗುತ್ತದಾ ವಿಚಾರಿಸಿ. ಬರೀ ವಿಮೆಗಾಗಿ ಗುಂಪು ಕಟ್ಟಿದರೆ ಕಂಪನಿಗಳು ಒಪ್ಪುವುದಿಲ್ಲ. ಮೊದಲಿಂದ ಇರುವ ಸಂಘ ಆಗಿರಬೇಕು. ಬಡವರ ಯೋಜನೆಗೆ ಆದಾಯ ಜಾಸ್ತಿ ಅಂದದ್ದು ಯಾವ ವರ್ಷದ ಲೆಕ್ಕ ಹಿಡಿದು ಅಂತಲೂ ಕೇಳಿ. ಹಳೆಯ ಪಟ್ಟಿ ನೋಡಿ ಹೇಳಿರಬಹುದು.

ಪ್ರಶ್ನೆ: ಮೊದಲ ಒಂದಿಷ್ಟು ಖರ್ಚು ನೀವೇ ಹಾಕಿಕೊಳ್ಳಿ, ಪ್ರೀಮಿಯಂ ಅರ್ಧ ಆಗುತ್ತದೆ ಅಂತ ಏಜೆಂಟ್ ಹೇಳುತ್ತಿದ್ದಾರೆ. ಒಪ್ಪಬಹುದಾ? ನನಗೆ ಬಿ.ಪಿ. ಇದೆ.
— ಗೃಹಿಣಿ

ಉತ್ತರ: ಆ ಮೊದಲ ಮೊತ್ತ ನಿಮ್ಮ ಕೈಯಲ್ಲಿ ನಗದಾಗಿ ಇದ್ದರೆ ಒಪ್ಪಿ. ಇಲ್ಲದಿದ್ದರೆ ಬೇಡ. 1970ರ ದಶಕದಲ್ಲಿ ಅಮೆರಿಕದ ರ‍್ಯಾಂಡ್ ಸಂಶೋಧನಾ ಸಂಸ್ಥೆ ಸಾವಿರಾರು ಕುಟುಂಬಗಳ ಮೇಲೆ ಇದನ್ನೇ ಪರೀಕ್ಷೆ ಮಾಡಿ ನೋಡಿತು. ಕೈಯಿಂದ ಕೊಡಬೇಕಾದಾಗ ಜನ ಡಾಕ್ಟರ ಹತ್ತಿರ ಹೋಗುವುದು ಕಡಿಮೆಯಾಯಿತು. ಆದರೆ ಬೇಡದ ಚಿಕಿತ್ಸೆಯ ಜೊತೆ ಬೇಕಾದ ಚಿಕಿತ್ಸೆಯನ್ನೂ ಬಿಟ್ಟರು. ಬಡವರಲ್ಲಿ ಬಿ.ಪಿ. ಇದ್ದವರಿಗೆ ಅದರಿಂದ ತೊಂದರೆಯಾಯಿತು. ಬಿ.ಪಿ. ಮಾತ್ರೆ, ತಪಾಸಣೆಯ ಖರ್ಚು ಹೇಗೂ ನಿಮ್ಮ ಕೈಯಿಂದಲೇ ಹೋಗುತ್ತಿರಬಹುದು. ಅದರ ಮೇಲೆ ಇದೂ ಸೇರಿದರೆ ತಪಾಸಣೆ ತಿಂಗಳಿಂದ ತಿಂಗಳಿಗೆ ಮುಂದೆ ಹೋಗುತ್ತದೆ.

ಏಜೆಂಟ್ ಹತ್ತಿರ ಎರಡು ವಿಷಯ ಬರೆಸಿಕೊಳ್ಳಿ. ಆ ಮೊದಲ ಮೊತ್ತ ವರ್ಷಕ್ಕೆ ಒಂದು ಸಲವೋ, ಪ್ರತಿ ಸಲ ಆಸ್ಪತ್ರೆ ಸೇರಿದಾಗಲೋ? ಮುಂದೆ ಬೇಡ ಅನಿಸಿದರೆ ಹೊಸ ಕಾಯುವ ಅವಧಿ ಇಲ್ಲದೆ ಹಳೆಯ ಬಗೆಗೆ ವಾಪಸು ಬರಬಹುದಾ? ಉತ್ತರ ಬರಹದಲ್ಲಿ ಬಂದ ಮೇಲೆ ನನಗೆ ಕಳಿಸಿ. ರಿನ್ಯೂವಲ್ ತಾರೀಕು ಮಾತ್ರ ದಾಟಿಸಬೇಡಿ.